ಕಾಟಕಾಯಿ: ನಾಡು ಬುಡಮೇಲಾಯಿತು, ಹೆಸರೂ ಬುಡಮೇಲಾಯಿತು

ಸುಳ್ಯದಿಂದ ಮಡಿಕೇರಿಗೆ ಹೊರಟ ಬಸ್ಸು ಸಂಪಾಜೆ ಮುಟ್ಟುವಷ್ಟರಲ್ಲಿ ಮೂರು ಸಲ ಜಿಲ್ಲೆಯ ಗಡಿ ದಾಟುತ್ತದೆ. ಸುಳ್ಯ ಬಿಟ್ಟ ಸ್ವಲ್ಪದರಲ್ಲೇ ಸಿಗುವ ಪೆರಾಜೆ ಕೊಡಗಿನದು. ಅದನ್ನು ದಾಟಿದರೆ ಬರುವ ಅರಂತೋಡು ದಕ್ಷಿಣ ಕನ್ನಡದ್ದು. ಕಲ್ಲುಗುಂಡಿ ಕಳೆದು ಸಂಪಾಜೆ ಗೇಟಿಗೆ ಬಂದರೆ ಪುನಃ ಕೊಡಗು. ಸಂಪಾಜೆ ಎಂಬ ಹೆಸರಿನ ಗ್ರಾಮವೇ ಎರಡಿವೆ: ಒಂದು ಸುಳ್ಯ ತಾಲ್ಲೂಕಿನಲ್ಲಿ, ಇನ್ನೊಂದು ಮಡಿಕೇರಿ ತಾಲ್ಲೂಕಿನಲ್ಲಿ. ಸಂಪಾಜೆಯವರು ಎಂದು ಹೇಳಿಕೊಂಡವರನ್ನು ಆ ಕಡೆಯ ಜನ ಮರುಮಾತಿನಲ್ಲೇ ಕೇಳುತ್ತಾರೆ, ಕೊಡಗು ಸಂಪಾಜೆಯೋ, ದಕ್ಷಿಣ ಕನ್ನಡ ಸಂಪಾಜೆಯೋ ಎಂದು.

ಗೆರೆಯ ಎರಡೂ ಬದಿ ಬದುಕು ಒಂದೇ. ಅದೇ ಅಡಿಕೆ ತೋಟ, ಅದೇ ಪಯಸ್ವಿನಿಯ ನೀರು, ಅದೇ ಅರೆಭಾಷೆ, ಅದೇ ತುಳು. ಮದುವೆ, ಭೂತಕೋಲ, ಯಕ್ಷಗಾನ ಯಾವುದಕ್ಕೂ ಗೆರೆ ಅಡ್ಡ ಬಂದಿಲ್ಲ. ಹಾಗಾದರೆ ಈ ಗೆರೆ ಬಂದದ್ದು ಎಲ್ಲಿಂದ? ಅದರ ಉತ್ತರ 1834ರಲ್ಲಿದೆ. ಆ ಉತ್ತರದ ಬೆನ್ನಿಗೆ, ಈ ನೆಲದ ಜನ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಲ್ಲಿ ಇಟ್ಟುಕೊಂಡು ಬಂದ ಒಂದು ಪದವಿದೆ: ಕಾಟಕಾಯಿ. ಕಲ್ಯಾಣಪ್ಪನ ಕಾಟಕಾಯಿ. ನಾಡನ್ನು ಇದ್ದಕ್ಕಿದ್ದಂತೆ ಬುಡಮೇಲು ಮಾಡಿದ ಒಂದು ಘಟನೆಗೆ ಜನ ಇಟ್ಟ ಹೆಸರು ಅದು. ಆ ಹೆಸರು ಹೇಗೆ ಬಂತು, ಅದರ ಅರ್ಥ ಹೇಗೆ ಮಗುಚಿಕೊಂಡಿತು ಎಂಬುದು ಘಟನೆಯಷ್ಟೇ ದೊಡ್ಡ ಕಥೆ ಎಂದು ನಾನು ನಂಬಿದ್ದೇನೆ.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿ ಕೋಟೆ ಹೊಕ್ಕಿತು. ಹಾಲೇರಿ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಶರಣಾದ. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯೊಂದಿಗೆ ಕೊಡಗು ಕಂಪನಿಯದಾಯಿತು. ರಾಜನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಸಾಗಿಸಿದರು. ಮುಂದೆ ಲಂಡನ್ನಿಗೆ ಹೋದ ಆತ ಅಲ್ಲೇ 1859ರಲ್ಲಿ ತೀರಿಕೊಂಡ. ಇಷ್ಟನ್ನು ಈ ದೊರೆಯ ಕುರಿತ ಮಾಸ್ತಿಯವರ ಕಾದಂಬರಿ ಓದಿದವರೆಲ್ಲ ಬಲ್ಲರು. 1834ರಲ್ಲೇ ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಘಟ್ಟದ ಕೆಳಗೆ ಕೊಡಗಿನ ಅರಸರ ವಶದಲ್ಲಿದ್ದ ಅಮರ ಸುಳ್ಯ ಮಾಗಣೆ, ಅದರ ಜೊತೆಗೆ ಬೆಳ್ಳಾರೆ, ಪುತ್ತೂರು ಕಡೆಯ ಊರುಗಳನ್ನು ಕಂಪನಿ ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಕೊಡಗು ಒಂದು ಆಡಳಿತ, ಕೆನರಾ ಮದ್ರಾಸ್ ಪ್ರಾಂತ್ಯದ್ದು. ಸಂಪಾಜೆಯ ಗೆರೆ ಹುಟ್ಟಿದ್ದು ಹೀಗೆ. 1956ರ ನವೆಂಬರ್ 1ರವರೆಗೆ, ಅಂದರೆ 122 ವರ್ಷ ಕಾಲ, ಅದು ಎರಡು ಬೇರೆ ಬೇರೆ ಆಡಳಿತಗಳ ಗಡಿಯಾಗಿತ್ತು. ಆಮೇಲೆ ಉಳಿದದ್ದು ಬರೀ ಜಿಲ್ಲೆಯ ಗಡಿ.

ಕಾಗದದ ಮೇಲೆ ಇದು ಆಡಳಿತದ ಅನುಕೂಲ. ಬೇಸಾಯಗಾರನ ಮನೆಯಲ್ಲಿ ಇದು ಬೇರೆಯೇ ಆಯಿತು. ಅರಸರ ಕಾಲದಲ್ಲಿ ಈ ಭಾಗದ ಗೌಡ ಮನೆತನಗಳು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದವು. ಬೆಳೆದದ್ದರಲ್ಲಿ ಅರಸರ ಪಾಲು ಅಳೆದು ಕೊಟ್ಟರೆ ಮುಗಿಯಿತು. ಬೆಳೆ ಸೊರಗಿದ ವರ್ಷ ಮಾತನಾಡಿಕೊಳ್ಳಲು ಅಲ್ಲಿ ಜಾಗವಿತ್ತು. ಕೆನರಾದಲ್ಲಿ ಆ ಪದ್ಧತಿ ಇಲ್ಲ. ಕಂದಾಯ ನಗದಿನಲ್ಲೇ, ಗಡುವಿನೊಳಗೇ. ನಗದು ಬೇಕಾದರೆ ಬೆಳೆಯನ್ನು ಪೇಟೆಯ ಸಾಹುಕಾರನಿಗೆ ಅವನು ಹೇಳಿದ ಬೆಲೆಗೆ ಕೊಡಬೇಕು. ಬೆಳೆ ಕೈಗೆ ಬರುವ ಮೊದಲೇ ಗಡುವು ಬಂದರೆ ಸಾಲ ಮಾಡಬೇಕು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಮುಂದಿನ ವರ್ಷದ ಬೆಳೆ. ನಿನ್ನೆಯವರೆಗೆ ಊರಿಗೆ ದೊಡ್ಡವರಾಗಿದ್ದವರು ಸಾಹುಕಾರನ ಜಗಲಿಯಲ್ಲಿ ಕಾದು ನಿಲ್ಲುವವರಾದರು. ಇದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವನ್ನು ಕೆನರಾದಲ್ಲಿ ಕಂಪನಿ ತನ್ನ ಮುಷ್ಟಿಯಲ್ಲಿಟ್ಟುಕೊಂಡಿತ್ತು. ಮಳೆಗಾಲದಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಇಲ್ಲದೆ ಗದ್ದೆಗೆ ಇಳಿಯದ ನಾಡಿನಲ್ಲಿ ಹೊಗೆಸೊಪ್ಪಿನ ಬೆಲೆ ಏರುವುದೆಂದರೆ ಏನೆಂದು ಅಲ್ಲಿನವರಿಗೇ ಗೊತ್ತು.

ಈ ಸಂಕಟವನ್ನು ಬಂಡಾಯಗಾರರ ಪರ ನಿಂತವರಷ್ಟೇ ಬರೆದಿಟ್ಟರು ಎಂದುಕೊಳ್ಳಬೇಡಿ. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಈ ಕಡೆಗೆ ಬಂದದ್ದು 1836ರ ಕೊನೆಗೆ. ಕೊಡಗಿನ ಬಗ್ಗೆ ಅವನ ಪುಸ್ತಕ ಪ್ರಕಟವಾದದ್ದು 1855ರಲ್ಲಿ. ಅವನ ಒಲವು ಕಂಪನಿಯ ಕಡೆಗೇ. ಆದರೂ ಬೆಳೆಯ ಬದಲು ನಗದು ಕೇಳಿದ್ದು ಗೌಡರನ್ನು ಸಾಲಕ್ಕೆ ದೂಡಿತು ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಸಿಟ್ಟಿತ್ತು, ಅದಕ್ಕೊಂದು ಹೆಸರು ಬೇಕಿತ್ತು. ಆ ಕಾಲದ ಮಲೆನಾಡಿನಲ್ಲಿ ನ್ಯಾಯ ಕೇಳುವುದೆಂದರೆ ಅರಸನನ್ನು ಮರಳಿ ತರುವುದು. ಆದರೆ ಅರಸ ಕಾಶಿಯಲ್ಲಿ. ಹಾಗಾಗಿ ಅರಸನ ಸಂಬಂಧಿಕರೆಂದು ಹೇಳಿಕೊಂಡವರು ಒಬ್ಬರ ಹಿಂದೊಬ್ಬರು ಕಾಣಿಸಿಕೊಂಡರು. ಮೊದಲು ಬಂದವನು ಅಪರಂಪಾರ, ಜಂಗಮ ವೇಷದವನು. ಕಂಪನಿ ಅವನನ್ನು ಹಿಡಿಯಿತು. ಆಮೇಲೆ ಬಂದವನು ಕಲ್ಯಾಣಸ್ವಾಮಿ. ಅವನೂ ಸೆರೆಯಾದ. ಮೂರನೆಯವನು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ. ಸುಳ್ಯ ಸೀಮೆಯ ಗೌಡ ಮುಖಂಡರು ಅವನನ್ನು ಪೂಮಲೆ ಕಾಡಿಗೆ ಕರೆತಂದು, ಇವನೇ ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಲ್ಲಿಸಿದರು. ನಿಜವಾದ ಕಲ್ಯಾಣಸ್ವಾಮಿ ಎನಿಸಿಕೊಂಡವನು ಜೈಲಿನಲ್ಲಿದ್ದಾಗ ಅವನ ಹೆಸರು ಹೊತ್ತವನು ಕಾಡಿನಲ್ಲಿ ನಿರೂಪ ಹೊರಡಿಸುತ್ತಿದ್ದ. ಮೂರು ವರ್ಷ ಕಂದಾಯ ಇಲ್ಲ, ಉಪ್ಪು ಹೊಗೆಸೊಪ್ಪಿನ ಸುಂಕವೂ ಇಲ್ಲ ಎಂಬುದು ಆ ನಿರೂಪಗಳ ಸಾರ. ಇಷ್ಟು ಸಾಕಲ್ಲವೆ? ಜನ ನಂಬಿದ್ದು ಹೊಸ ಅರಸನ ರಕ್ತವನ್ನಲ್ಲ, ಈ ಮಾತುಗಳನ್ನು ಎಂದೇ ನನಗನ್ನಿಸುತ್ತದೆ.

ಮುಂದಾಳುಗಳಲ್ಲಿ ಮುಖ್ಯನಾದವನು ಕೆದಂಬಾಡಿ ರಾಮಯ್ಯ ಗೌಡ. ಕುಡೆಕಲ್ಲಿನ ಪುಟ್ಟ ಗೌಡ, ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡ, ನಂದಾವರದ ಲಕ್ಷ್ಮಪ್ಪ ಬಂಗರಸ ಇವರೆಲ್ಲ ಜೊತೆಗೂಡಿದರು. ಜೈನ ಅರಸುಮನೆತನದವನು, ಗೌಡರು, ಲಿಂಗಾಯತನೆನಿಸಿಕೊಂಡ ಪುಟ್ಟಬಸಪ್ಪ, ಊರೂರಿನ ಒಕ್ಕಲುಗಳು ಒಂದೇ ದಂಡಿನಲ್ಲಿದ್ದರು.

1837ರ ಮಾರ್ಚ್ 30ರಂದು ದಂಡು ಎದ್ದಿತು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಮಂಗಳೂರಿನಿಂದ ಪುತ್ತೂರಿನವರೆಗೆ ಬಂದ ಕಲೆಕ್ಟರನ ಸಣ್ಣ ಪಡೆ ನಿಲ್ಲಲಾಗದೆ ಹಿಂದಕ್ಕೆ ಸರಿಯಿತು. ಪುತ್ತೂರು, ಬಂಟ್ವಾಳ ದಾಟುತ್ತ ಹೋದಂತೆ ದಂಡು ಬೆಳೆಯಿತು. ಏಪ್ರಿಲ್ 5ರಂದು ಅದು ಮಂಗಳೂರು ಹೊಕ್ಕಿತು. ಜೈಲಿನ ಬಾಗಿಲು ತೆರೆಯಿತು, ಕಚೇರಿಗೆ ಬೆಂಕಿ ಬಿತ್ತು. ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಹೊರಟರು. ಇಂದು ಬಾವುಟಗುಡ್ಡೆ ಎನ್ನುವ ಜಾಗದಲ್ಲಿ ಬಂಡಾಯದ ಬಾವುಟ ಹಾರಿತು. ಒಂದು ವಾರದ ಹಿಂದೆ ಕಂದಾಯದ ಗಡುವಿಗೆ ಹೆದರಿ ಕೂತಿದ್ದವರು ಈಗ ಜಿಲ್ಲೆಯ ಪಟ್ಟಣದ ಒಡೆಯರು.

ಆ ಆಳ್ವಿಕೆ ನಡೆದದ್ದು ಹದಿಮೂರು ದಿನ ಎಂದು ಜನರ ನೆನಪು ಹೇಳುತ್ತದೆ. ಅದೇ ದಿನಗಳ ನಡುವೆ, ಏಪ್ರಿಲ್ ಎರಡನೇ ವಾರದಲ್ಲಿ, ಬಿಸು ಬಂತು. ತುಳುನಾಡಿನ ಹೊಸ ವರ್ಷ ಅದು, ಒಕ್ಕಲು ಧನಿಗಳ ಮನೆಗೆ ಕಾಣಿಕೆ ಒಯ್ಯುತ್ತಿದ್ದ ದಿನ. ಆ ವರ್ಷದ ಬಿಸುವಿನಂದು ಮಂಗಳೂರಿನಲ್ಲಿ ಕಂಪನಿ ಸರಕಾರವೇ ಇರಲಿಲ್ಲ! ಈ ಒಂದು ಸಂಗತಿಯನ್ನು ನಮ್ಮ ಇತಿಹಾಸದ ಪುಸ್ತಕಗಳು ಒತ್ತಿ ಹೇಳಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಹೊಸ ವರ್ಷಕ್ಕೆ ಕಣ್ಣು ಬಿಟ್ಟ ಒಕ್ಕಲಿನ ಮನೆಯಲ್ಲಿ ಅಂದು ಏನು ಮಾತು ನಡೆದಿರಬಹುದು?

ಅಷ್ಟೇ ಬೇಗ ಎಲ್ಲ ತಿರುಗಿತು. ಕಣ್ಣೂರಿನಿಂದ ಸೈನ್ಯ ಬಂತು. ಬಂದೂಕು, ಫಿರಂಗಿ, ಕವಾಯತು ಕಲಿತ ಸಿಪಾಯಿಗಳ ಎದುರು ಕತ್ತಿ, ಕೋವಿ ಹಿಡಿದ ಬೇಸಾಯಗಾರರ ದಂಡು ನಿಲ್ಲಲಿಲ್ಲ. ಘಟ್ಟದ ಮೇಲಿನ ಕಥೆಯೂ ಬೇರೆಯಾಗಿತ್ತು. ಮಡಿಕೇರಿಯಲ್ಲಿದ್ದ ಸೂಪರಿಂಟೆಂಡೆಂಟ್ ಲೀ ಹಾರ್ಡಿಯ ಬೆನ್ನಿಗೆ ಬೋಪು, ಪೊನ್ನಪ್ಪ ಎಂಬ ಇಬ್ಬರು ಕೊಡವ ದಿವಾನರು ನಿಂತರು. ಇನ್ನೊಬ್ಬ ದಿವಾನ ಲಕ್ಷ್ಮೀನಾರಾಯಣಯ್ಯ ಬಂಡಾಯದ ಕಡೆಯವನೆಂಬ ಆಪಾದನೆಯಲ್ಲಿ ಸೆರೆಮನೆ ಸೇರಿದ. ಕೊಡಗಿನ ಅರಸನ ಹೆಸರಿನಲ್ಲಿ ಎದ್ದ ದಂಡಿಗೆ ಕೊಡಗೇ ಬಾಗಿಲು ತೆರೆಯಲಿಲ್ಲ. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡನಿಗೆ 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಾಯಿತು. ಹಲವರನ್ನು ಕರಿನೀರಿಗೆ ಕಳುಹಿಸಿದರು. ಮನೆ ಬಿಟ್ಟು ತಲೆಮರೆಸಿಕೊಂಡವರ ಲೆಕ್ಕವನ್ನು ಯಾರೂ ಇಡಲಿಲ್ಲ.

ಗೆದ್ದವರು ತಮ್ಮ ನೆರವಿಗೆ ಬಂದವರಿಗೆ ಪದಕ ಕೊಟ್ಟರು. ಚಿನ್ನದ ಪದಕ, ಬೆಳ್ಳಿಯ ಪದಕ. ಪದಕದ ಮೇಲೆ ಕೊಡವ ಯೋಧನೊಬ್ಬನ ಆಕೃತಿ, ಮತ್ತು ಕನ್ನಡದ ಬರಹ. 1837ರ ಏಪ್ರಿಲ್, ಮೇ ತಿಂಗಳಲ್ಲಿ ದಂಗೆಯನ್ನು ಅಡಗಿಸುವುದರಲ್ಲಿ ಕಂಪನಿ ಸರಕಾರಕ್ಕೆ ನಿಷ್ಠೆ ತೋರಿದ್ದಕ್ಕೆ ಕೊಟ್ಟ ಮರ್ಯಾದೆ ಎಂಬುದು ಆ ಬರಹದ ತಾತ್ಪರ್ಯ. ಆ ಬಂಡಾಯದ ಬಗ್ಗೆ ಸರಕಾರ ಕನ್ನಡದಲ್ಲಿ ಲೋಹದ ಮೇಲೆ ಕೆತ್ತಿಸಿದ ಮಾತು ಇದು. ಸೋತವರ ಪರವಾಗಿ ಕಲ್ಲಿನ ಮೇಲಾಗಲಿ ತಾಳೆಗರಿಯ ಮೇಲಾಗಲಿ ಬರೆಯಿಸುವ ಧೈರ್ಯ ಆಗ ಯಾರಿಗೂ ಇರುವಂತಿರಲಿಲ್ಲ. ಅವರ ಪಾಲಿಗೆ ಉಳಿದದ್ದು ಜನರ ಬಾಯಿ ಒಂದೇ. ಆ ಬಾಯಲ್ಲಿ ನಿಂತ ಹೆಸರು ಕಾಟಕಾಯಿ.

ಕರಾವಳಿಯ ಮಾತಿನಲ್ಲಿ ಕಾಟಕಾಯಿ ಎಂದರೆ ಲೂಟಿ, ದಾಳಿ, ಹೇಳುವವರು ಕೇಳುವವರಿಲ್ಲದ ಪುಂಡಾಟ. ಕೇಳಿದವರ ಕಿವಿಗೆ ಮೊದಲು ಬೀಳುವುದೇ ಕಾಟ. ತುಳುವರಲ್ಲೂ ಕೊಂಕಣಿಯವರಲ್ಲೂ ಈ ಮಾತು ನಿಂತಿದೆ. ಕಲ್ಯಾಣಸ್ವಾಮಿ ಎಂಬ ಮರ್ಯಾದೆಯ ಹೆಸರು ಮಂಗಳೂರಿನವರ ಬಾಯಲ್ಲಿ ಕಲ್ಯಾಣಪ್ಪ ಆಯಿತು, ಅವನು ನಡೆಸಿದ್ದು ಕಾಟಕಾಯಿ ಆಯಿತು. ಇದನ್ನು ಬರೀ ಬ್ರಿಟಿಷರ ಕುತಂತ್ರ ಎಂದು ತಳ್ಳಿಹಾಕುವುದು ಸರಿಯಲ್ಲ. ಹದಿಮೂರು ದಿನಗಳ ಗದ್ದಲದಲ್ಲಿ ಪೇಟೆಯ ವ್ಯಾಪಾರಿಗಳ ಮನೆಗಳು ಲೂಟಿಯಾದವು. ಜೈಲಿನಿಂದ ಹೊರಬಿದ್ದವರೆಲ್ಲ ದೇಶಕ್ಕಾಗಿ ಸೆರೆ ಸೇರಿದವರಾಗಿರಲಿಲ್ಲ. ಬಾಗಿಲು ಭದ್ರ ಮಾಡಿಕೊಂಡು ಮಕ್ಕಳನ್ನು ಅಟ್ಟದಲ್ಲಿ ಕೂರಿಸಿಕೊಂಡ ತಾಯಿಗೆ ಅದು ಸ್ವಾತಂತ್ರ್ಯ ಸಮರವಾಗಿ ಕಾಣಲು ಸಾಧ್ಯವಿತ್ತೆ? ಅವಳ ಪಾಲಿಗೆ ಅದು ಕಾಟಕಾಯಿಯೇ. ಆ ಹೆಸರಿನಲ್ಲಿ ಒಬ್ಬಿಬ್ಬರ ಭಯವಲ್ಲ, ಒಂದು ಪಟ್ಟಣದ ಭಯವಿದೆ.

ಆದರೆ ಭಯದಲ್ಲಿ ಹುಟ್ಟಿದ ಹೆಸರು ಆಮೇಲೆ ಗೆದ್ದವರಿಗೆ ಅನುಕೂಲವಾಯಿತು. ಕಂದಾಯದ ಮಾತು ಅದರಲ್ಲಿಲ್ಲ. ಗಡುವಿಲ್ಲ, ಸಾಲವಿಲ್ಲ, ಹೊಗೆಸೊಪ್ಪಿಲ್ಲ. ಯಾಕೆ ಎದ್ದರು ಎಂಬ ಪ್ರಶ್ನೆಯನ್ನೇ ಆ ಪದ ನುಂಗಿಬಿಟ್ಟಿತು. ಮುಂದಿನ ತಲೆಮಾರು ಗೌಡರ ಮನೆಗಳಲ್ಲೂ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಲಾರದೆ ಪಿಸುಮಾತಿನಲ್ಲಿ ಹೇಳಿಕೊಂಡಿತು. ತಮ್ಮ ಅಜ್ಜಂದಿರ ನೋವಿಗೆ ಬೇರೆಯವರು ಇಟ್ಟ ಹೆಸರನ್ನೇ ಅವರೂ ಬಳಸಬೇಕಾಯಿತು.

1837ಕ್ಕಿಂತ ಬರೀ ಆರು ವರ್ಷ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. 1830–31ರಲ್ಲಿ ಇದೇ ಕೆನರಾದ ರೈತರು ಕಂದಾಯದ ಭಾರದ ವಿರುದ್ಧ ಸೇರಿದಾಗ ತಮ್ಮ ಸಭೆಗಳನ್ನು ಕೂಟ ಎಂದು ಕರೆದುಕೊಂಡರು. ಅದೇ ಹೊತ್ತಿಗೆ ಘಟ್ಟದ ಮೇಲೆ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲೂ ರೈತರು ಕೂಟ ಕಟ್ಟಿದ್ದರು. ಕೂಟ ಎಂಬುದು ರೈತರೇ ಆಯ್ದುಕೊಂಡ ಮಾತು. ಒಟ್ಟಿಗೆ ಕೂತು ಮಾತನಾಡುವವರು ಎಂಬ ಅರ್ಥ ಅದರಲ್ಲೇ ಇದೆ. 1837ರವರಿಗೆ ಆ ಭಾಗ್ಯ ಸಿಗಲಿಲ್ಲ. ನಗರದ ಕೂಟದ ಫಲವೂ ವಿಚಿತ್ರ. ಅರಸನ ಕಂದಾಯದ ವಿರುದ್ಧ ಎದ್ದ ರೈತರ ಗಲಾಟೆಯನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು.

ಇದ್ದಕ್ಕಿದ್ದಂತೆ ಎಲ್ಲ ತಿರುವುಮುರುವಾಗುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಬುಡಮೇಲು, ಅಡಿಮೇಲು, ತಲೆಕೆಳಗು, ಪಲ್ಲಟ. ಪಲ್ಲಟ ಪ್ರಾಕೃತದ ದಾರಿಯಿಂದ ಬಂದ ಹಳೆಯ ಪದ, ಸ್ಥಾನಪಲ್ಲಟದಲ್ಲಿ ಇಂದಿಗೂ ಉಳಿದಿದೆ. ಘಟ್ಟದ ತಿರುವಿನಲ್ಲಿ ಲಾರಿ ಪಲ್ಟಿ ಎಂದು ಪತ್ರಿಕೆಯಲ್ಲಿ ಓದುವ ಪಲ್ಟಿಯೂ ಅದರ ದಾಯಾದಿಯೇ, ಹಿಂದಿ ಮರಾಠಿಗಳ ಕಡೆಯಿಂದ ಬಂದದ್ದು. ಇವೆಲ್ಲ ವಸ್ತುವಿಗೂ ಹೊಂದುತ್ತವೆ, ನಾಡಿಗೂ ಹೊಂದುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡ ಜರಿದು ಮರಗಳು ಬೇರು ಮೇಲಾಗಿ ಹರಿದು ಬಂದಾಗ, ಮನೆ ಬಿಟ್ಟವರು ಸಂಪಾಜೆ, ಕಲ್ಲುಗುಂಡಿಯ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದಾಗ, ಬುಡಮೇಲು ಎಂಬ ಪದದ ಅಕ್ಷರಶಃ ಅರ್ಥ ಆ ಕಣಿವೆಗೆ ತಿಳಿಯಿತು. ಆ ದುರಂತಕ್ಕೆ ಎಲ್ಲರೂ ಒಂದೇ ಹೆಸರು ಇಟ್ಟರು. ಮನುಷ್ಯರು ಮಾಡುವ ಬುಡಮೇಲಿಗೆ ಹಾಗಾಗುವುದಿಲ್ಲ. ಅಲ್ಲಿ ಹೆಸರು ಇಡುವವರು ಯಾವ ಕಡೆ ನಿಂತಿದ್ದಾರೆ ಎಂಬುದೇ ಹೆಸರಾಗುತ್ತದೆ.

ದಂಗೆ ಎಂದರೆ ಅಡಗಿಸಬೇಕಾದದ್ದು. ಅದು ಸರಕಾರಿ ಕಡತದ ಪದ. ಬಂಡಾಯದಲ್ಲಿ ಎದ್ದವರ ಬಗ್ಗೆ ಸ್ವಲ್ಪ ಮರ್ಯಾದೆಯಿದೆ. 1979ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆ, 1980ರ ಜುಲೈಯಲ್ಲಿ ಗೋಲಿಬಾರ್ ಕಂಡ ನರಗುಂದದ ರೈತ ಬಂಡಾಯ, ಇವೆರಡೂ ಆ ಪದಕ್ಕೆ ಹೊಸ ತೂಕ ಕೊಟ್ಟವು. ಇನ್ನು ಕ್ರಾಂತಿ. ಇದರಷ್ಟು ದೂರ ನಡೆದು ಬಂದ ಪದ ಇನ್ನೊಂದಿಲ್ಲ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಹೆಜ್ಜೆ ಇಡುವುದು, ದಾಟುವುದು. ಆಕ್ರಮಣ, ವಿಕ್ರಮ, ಸಂಕ್ರಮಣ ಎಲ್ಲ ಅದೇ ಧಾತುವಿನ ಮಕ್ಕಳು. ಜ್ಯೋತಿಷಿಗಳಿಗೆ ಕ್ರಾಂತಿ ಎಂದರೆ ಸೂರ್ಯ ವಿಷುವದ್‌ವೃತ್ತದಿಂದ ಎಷ್ಟು ದೂರ ಸರಿದಿದ್ದಾನೆ ಎಂಬ ಅಳತೆ. ಸೂರ್ಯನ ದಾರಿಗೆ ಕ್ರಾಂತಿವೃತ್ತ ಎನ್ನುತ್ತಾರೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಲು ಹೋಗುವವರು, ತಿಂಗಳು ತಿಂಗಳು ಸಂಕ್ರಾಂತಿ ಲೆಕ್ಕ ಹಿಡಿದು ಬಾಳುವ ತುಳುವರು, ಈ ಪದದ ಹಳೆಯ ಅರ್ಥದಲ್ಲೇ ಇಂದಿಗೂ ಬದುಕುತ್ತಿದ್ದಾರೆ. ಯುರೋಪಿನಲ್ಲೂ ನಡೆದದ್ದು ಇಂಥದ್ದೇ. ಕೊಪರ್ನಿಕಸ್ 1543ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲಿ ರೆವಲ್ಯೂಷನ್ ಎಂಬುದರ ಮೂಲ ಲ್ಯಾಟಿನ್ ಪದವಿತ್ತು. ಅಲ್ಲಿ ಅದಕ್ಕೆ ಆಕಾಶಗೋಳಗಳ ಸುತ್ತು ಎಂದಷ್ಟೇ ಅರ್ಥ. ಸುತ್ತು ಮುಗಿಸಿ ಮೊದಲಿದ್ದಲ್ಲಿಗೆ ಮರಳುವುದು ಎಂಬ ಧ್ವನಿ ಅದರಲ್ಲಿತ್ತು. 1688ರಲ್ಲಿ ಇಂಗ್ಲೆಂಡಿನಲ್ಲಿ ಅರಸ ಬದಲಾದಾಗಲೂ ಅದನ್ನು ಹಳೆಯ ಸುಸ್ಥಿತಿಗೆ ಮರಳಿದ್ದೆಂದೇ ಹಲವರು ಕಂಡರು. 1789ರ ಫ್ರಾನ್ಸಿನ ನಂತರ ಹಳತನ್ನು ಕಿತ್ತು ಹೊಸದನ್ನು ನೆಡುವುದು ಎಂಬ ಅರ್ಥ ಗಟ್ಟಿಯಾಯಿತು. ಅದೇ ಅರ್ಥವನ್ನು ಹೊತ್ತು ಇಪ್ಪತ್ತನೇ ಶತಮಾನದಲ್ಲಿ ನಮ್ಮ ಕ್ರಾಂತಿಯೂ ಆಕಾಶದಿಂದ ಬೀದಿಗೆ ಇಳಿಯಿತು. ಅದರ ಜೊತೆಗೆ ಇಳಿದದ್ದು ಇನ್‌ಕಿಲಾಬ್. ಅರಬಿಯಲ್ಲಿ ಮಗುಚು, ತಿರುಗು ಎಂಬ ಅರ್ಥದ ಧಾತು ಅದರದು. ಹೃದಯಕ್ಕೆ ಹೇಳುವ ಕಲ್ಬ್ ಕೂಡ ಅದೇ ಬೇರಿನದು. ಹಸರತ್ ಮೊಹಾನಿ 1921ರಲ್ಲಿ ಕೊಟ್ಟ ಘೋಷಣೆಯನ್ನು ಭಗತ್ ಸಿಂಗ್ 1929ರಲ್ಲಿ ದೇಶದ ಘೋಷಣೆ ಮಾಡಿದ. ಕನ್ನಡದ ಮೆರವಣಿಗೆಗಳಲ್ಲಿ ಇಂದಿಗೂ ಅದನ್ನು ಅನುವಾದಿಸದೆ ಕೂಗುತ್ತೇವೆ.

ಈ ಇತಿಹಾಸವನ್ನು ಎದುರಿಗಿಟ್ಟುಕೊಂಡು ನೋಡಿದರೆ 1837ರವರು ಮಾಡಿದ್ದು ರೆವಲ್ಯೂಷನ್ ಎಂಬುದರ ಹಳೆಯ ಅರ್ಥದ ಕೆಲಸ. ಅವರಿಗೆ ಹೊಸ ಲೋಕ ಬೇಕಿರಲಿಲ್ಲ. 1834ಕ್ಕಿಂತ ಮೊದಲಿದ್ದ ಅರಸ, ಬೆಳೆಯಲ್ಲೇ ಕೊಡುವ ಕಂದಾಯ, ಕೊಡಗಿನ ಜೊತೆಗಿನ ನಂಟು ಇವು ಮರಳಿ ಬೇಕಿದ್ದವು. ಸುತ್ತು ತಿರುಗಿ ಮೊದಲಿನ ಜಾಗಕ್ಕೆ ಬರಬೇಕೆಂಬ ಆಸೆ ಅದು. ಅವರನ್ನು ಹಿಮ್ಮುಖ ನಡೆದವರೆಂದು ಇದಕ್ಕಾಗಿ ಕೀಳುಗಳೆಯುವುದು ಅನ್ಯಾಯ. ಕಣ್ಣೆದುರೇ ನ್ಯಾಯ ಕಳೆದುಹೋದವನು ಅದನ್ನು ಕೊನೆಯ ಸಲ ಕಂಡ ಜಾಗದಲ್ಲಿ ಹುಡುಕುತ್ತಾನೆ.

ಹೆಸರಿನ ಮಗುಚಾಟ ಶುರುವಾದದ್ದು ಸ್ವಾತಂತ್ರ್ಯ ಬಂದ ಮೇಲೆ. ಮಾದರಿ ಮೊದಲೇ ಇತ್ತು. ಸಿಪಾಯಿ ದಂಗೆ ಎನಿಸಿಕೊಂಡಿದ್ದ 1857, ಸಾವರ್ಕರರ 1909ರ ಪುಸ್ತಕದಿಂದ ಮೊದಲುಗೊಂಡು ಪ್ರಥಮ ಸ್ವಾತಂತ್ರ್ಯ ಸಂಗ್ರಾಮವಾಗುತ್ತ ಬಂದಿತ್ತು. ಸುಳ್ಯದ ಕಡೆ ಈ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ಒಬ್ಬರು ಕಾದಂಬರಿಕಾರರು. ಸುಬ್ರಹ್ಮಣ್ಯದ ಹತ್ತಿರದ ಕುಳಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನ, ‘ಸ್ವಾಮಿ ಅಪರಂಪಾರ’, ‘ಕಲ್ಯಾಣಸ್ವಾಮಿ’ ಎಂಬ ಎರಡು ಕಾದಂಬರಿಗಳನ್ನು ಬರೆದರು. ಕಯ್ಯೂರಿನ ರೈತರ ಬಗ್ಗೆ ‘ಚಿರಸ್ಮರಣೆ’ ಬರೆದ ಅದೇ ಲೇಖನಿ. ಕಲ್ಯಾಣಪ್ಪನನ್ನು ಕಲ್ಯಾಣಸ್ವಾಮಿಯಾಗಿ ಓದುಗರ ಮುಂದೆ ಮತ್ತೆ ನಿಲ್ಲಿಸಿದ ಶ್ರೇಯಸ್ಸಿನಲ್ಲಿ ಅವರಿಗೆ ದೊಡ್ಡ ಪಾಲಿದೆ. ಆಮೇಲೆ ವಿದ್ವಾಂಸರು ಬಂದರು. ಎನ್. ಶ್ಯಾಮ ಭಟ್ ದಕ್ಷಿಣ ಕೆನರಾದ ಕಂಪನಿ ಕಾಲದ ಕಡತಗಳನ್ನು ಶೋಧಿಸಿ ಕೂಟಗಳಿಂದ ಈ ಬಂಡಾಯದವರೆಗಿನ ಎಳೆಯನ್ನು ತೋರಿಸಿದರು. ಪುರುಷೋತ್ತಮ ಬಿಳಿಮಲೆ ಇದನ್ನು ರೈತರ ಹೋರಾಟವಾಗಿ ಓದಿದರು. ಸಂಪಾಜೆಯವರೇ ಆದ ಎನ್.ಎಸ್. ದೇವಿಪ್ರಸಾದ್ ಇದರ ಬಗ್ಗೆ ಬರೆದು ಸ್ವಾತಂತ್ರ್ಯ ಸಮರ ಎಂಬ ಹೆಸರು ಊರಲ್ಲಿ ನಿಲ್ಲುವಂತೆ ಮಾಡಿದರು. ಗೆರೆಯ ಮೇಲೆ ಕೂತ ಊರಿನವರೊಬ್ಬರು ಇದನ್ನು ಕೈಗೆತ್ತಿಕೊಂಡದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಕಡೆಗೆ ಪ್ರತಿಮೆಗಳು ಬಂದವು. ಮಡಿಕೇರಿಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡ ನಿಂತಿದ್ದಾರೆ. 2022ರ ನವೆಂಬರ್ 19ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅನಾವರಣ ಮಾಡಿದರು. ಬಾವುಟ ಹಾರಿದ 185 ವರ್ಷಗಳ ಮೇಲೆ. ಈ ಬರಹದ ಉದ್ದಕ್ಕೂ ‘ಅವನು’ ಎಂದೇ ಕರೆದವರನ್ನು ಇಲ್ಲಿಗೆ ಬಂದಾಗ ‘ಅವರು’ ಎಂದು ಬರೆಯುವಂತಾಯಿತು. ಹೆಸರು ತಿರುಗಿದರೆ ಸರ್ವನಾಮವೂ ತಿರುಗುತ್ತದೆ.

ಇದರಲ್ಲಿ ನನಗೆ ನೆಮ್ಮದಿಯಿದೆ. ಸಾಲದಲ್ಲಿ ಮುಳುಗಿ ಎದ್ದವರನ್ನು ಲೂಟಿಕೋರರೆಂದು ಎಷ್ಟು ಕಾಲ ಕರೆಯುವುದು? ಆದರೆ ಹೊಸ ಹೆಸರಿಗೂ ಒಂದು ಮುಚ್ಚುಮರೆಯಿದೆ. ಸ್ವಾತಂತ್ರ್ಯ ಸಮರ ಎಂದ ಕೂಡಲೇ ಮನಸ್ಸು ದೇಶ, ಧ್ವಜ, ಹುತಾತ್ಮ ಎಂಬ ಮಾತುಗಳ ಕಡೆ ಓಡುತ್ತದೆ. ಬೆಳೆಯ ಬದಲು ನಗದು ಕೇಳಿದ್ದು, ಬಡ್ಡಿ ಕಟ್ಟಲಾರದೆ ಹೋದದ್ದು, ಹೊಗೆಸೊಪ್ಪಿನ ಬೆಲೆ ಏರಿದ್ದು ಮತ್ತೆ ಹಿಂದಕ್ಕೆ ಸರಿಯುತ್ತವೆ. ಕಾಟಕಾಯಿ ಯಾವ ಪ್ರಶ್ನೆಯನ್ನು ನುಂಗಿತ್ತೋ ಅದನ್ನೇ ಈ ದೊಡ್ಡ ಹೆಸರೂ ನುಂಗಬಲ್ಲದು. ದೇಶದ ಮೊದಲ ಸ್ವಾತಂತ್ರ್ಯ ಸಮರ ಇದೇ ಎಂಬ ಪಂದ್ಯಕ್ಕೆ ಇಳಿಯುವುದಂತೂ ಬೇಡ. 1824ರ ಕಿತ್ತೂರು ನಮ್ಮ ರಾಜ್ಯದಲ್ಲೇ ಇದೆ. ಯಾರು ಮೊದಲು ಎಂಬುದರಿಂದ ಅಮರ ಸುಳ್ಯದವರ ದೊಡ್ಡತನ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಕಾಟಕಾಯಿ, ಸ್ವಾತಂತ್ರ್ಯ ಸಮರ, ರೈತ ಬಂಡಾಯ ಎಂಬ ಮೂರು ಹೆಸರುಗಳಲ್ಲಿ ಒಂದನ್ನು ಆಯ್ದುಕೊಳ್ಳಿ ಎಂದರೆ ನಾನು ರೈತ ಬಂಡಾಯವನ್ನೇ ಆಯ್ದುಕೊಳ್ಳುತ್ತೇನೆ. ಎದ್ದವರು ಯಾರು, ಯಾಕೆ ಎದ್ದರು ಎಂಬುದನ್ನು ಹೇಳುವ ಹೆಸರು ಅದೊಂದೇ. ಆದರೆ ಕಾಟಕಾಯಿಯನ್ನು ಅಳಿಸಬಾರದು. ಪೇಟೆಯ ಭಯ ಅದರಲ್ಲಿದೆ, ಗೆದ್ದವರ ಕೈವಾಡ ಅದರಲ್ಲಿದೆ, ಸೋತವರ ಮನೆಗಳ ಮೌನವೂ ಅದರಲ್ಲಿದೆ. ಸುಳ್ಯ, ಮಡಿಕೇರಿ, ಮಂಗಳೂರಿನ ಶಾಲೆಗಳಲ್ಲಿ ಮಕ್ಕಳಿಗೆ ಮೂರೂ ಹೆಸರು ಹೇಳಿಕೊಡಬೇಕು, ಯಾವುದನ್ನು ಯಾರು ಇಟ್ಟರು ಎಂಬುದರ ಸಮೇತ.

ಇನ್ನೊಂದು ಕೆಲಸ ಬಾಕಿ ಇದೆ. ಮದ್ರಾಸ್ ಪ್ರಾಂತ್ಯದ ಹಳೆಯ ಕಡತಗಳು ಚೆನ್ನೈನ ಪತ್ರಾಗಾರದಲ್ಲಿವೆ. 1837ರ ವಿಚಾರಣೆಗಳಲ್ಲಿ ಕಟಕಟೆ ಹತ್ತಿದ ಒಕ್ಕಲುಗಳ ಮಾತು ಎಷ್ಟು ಉಳಿದಿದೆಯೋ ಅಷ್ಟೂ ಕನ್ನಡಕ್ಕೆ ಬರಬೇಕು. ಮಡಿಕೇರಿಯಲ್ಲಿ ಅರೆಭಾಷೆ ಅಕಾಡೆಮಿ ಇದೆ, ಮಂಗಳೂರಿನಲ್ಲಿ ವಿಶ್ವವಿದ್ಯಾಲಯ ಇದೆ, ಎರಡೂ ಕೈಜೋಡಿಸಿದರೆ ಇದು ಆಗದ ಕೆಲಸವಲ್ಲ. ಹಾಗೆಯೇ ಸಂಪಾಜೆ, ಪೆರಾಜೆ, ಅರಂತೋಡು, ಬೆಳ್ಳಾರೆ ಕಡೆಯ ಓದುಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಮನೆಯ ಹಿರಿಯರಿಗೆ ಕಾಟಕಾಯಿಯ ಬಗ್ಗೆ ಕೇಳಿದ ಮಾತೇನಾದರೂ ನೆನಪಿದ್ದರೆ, ಅದು ಹೆಮ್ಮೆಯದಿರಲಿ ನೋವಿನದಿರಲಿ, ಅವರು ಹೇಳಿದ ಹಾಗೆಯೇ, ಅವರ ಭಾಷೆಯಲ್ಲೇ ಬರೆದಿಡಿ.